ಸೆಕೆಂಡು ಎಣಿಸಿ ಅಳಿವೆ ದಾಟುವುದು: ನನ್ನ ಅನುಭವ

ಅಲೆಗಳ ನಡುವಿನ ಸೆಕೆಂಡು ಎಣಿಸಿ ದಾಟತೊಡಗಿ ಮೂರು ಹಂಗಾಮು ಕಳೆದಿವೆ. ನದಿ ಕಡಲು ಸೇರುವ ಗಂಗೊಳ್ಳಿ ಅಳಿವೆಯಲ್ಲಿ ನನ್ನ ದೋಣಿ ಮಗುಚಿಲ್ಲ, ಒಂದು ತುಂಡು ಬಲೆಯೂ ಹೋಗಿಲ್ಲ. ಎದೆ ತಟ್ಟಿಯೇ ಹೇಳುತ್ತೇನೆ. ಗಾಳಿಯಿಲ್ಲದ ದಿನ ದೋಣಿ ಕಟ್ಟಿ ಕುಳಿತಾಗ ಬಂದರಿನಲ್ಲಿ ಕೇಳಿದ ಮಾತು ಇನ್ನೂ ಕಿವಿಯಲ್ಲಿದೆ. ಸೋದರಮಾವನೇ, "ಎಲೆ ಅಲ್ಲಾಡುತ್ತಿಲ್ಲ, ಯಾವ ಅಲೆಗೆ ಹೆದರುತ್ತೀಯ ಮಾರಾಯ?" ಎಂದಿದ್ದರು.

ನನ್ನದು ನಾಡದೋಣಿ, ಐದು ಜನ, ಬೀಡುಬಲೆ. ಆರು ವರ್ಷದ ಹಿಂದಿನ ಒಂದು ಏಪ್ರಿಲ್‌ನಲ್ಲಿ ಮೊಬೈಲಿನಲ್ಲಿ ಅಲೆ 1.2 ಮೀಟರ್ ಎಂದು ನೋಡಿ ಹೊರಟೆ. ಹೊರಗೆ ಕಡಲು ಎಣ್ಣೆ ಸುರಿದ ಹಾಗೆ ಇತ್ತು. ಹಿಂತಿರುಗುವಾಗ ಇಳಿತ. ಅಳಿವೆ ಬಾಗಿಲಿಗೆ ಬರುವಷ್ಟರಲ್ಲಿ ಬೆನ್ನ ಹಿಂದೆ ನೀರು ಸದ್ದಿಲ್ಲದೆ ಎದ್ದಿತು. ಅಣಿಯದಲ್ಲಿ, ಅಂದರೆ ದೋಣಿಯ ಮುಂತುದಿಯಲ್ಲಿ, ಇದ್ದ ಹುಡುಗ ನನ್ನ ತಲೆಯ ಮೇಲಕ್ಕೆ ನೋಡಿದ್ದು ನೆನಪಿದೆ, ಆಮೇಲೆ ನಾವೆಲ್ಲ ನೀರಿನಲ್ಲಿದ್ದೆವು. ಐವರೂ ಈಜಿ ತಡೆಗೋಡೆ ಹತ್ತಿದೆವು. ಎರಡು ಎಂಜಿನ್ ಉಪ್ಪುನೀರು ಕುಡಿದವು, ರಿಪೇರಿಗೆ ಅರುವತ್ತು ಎಪ್ಪತ್ತು ಸಾವಿರ. ಬಲೆ ಕಲ್ಲಿಗೆ ಸಿಕ್ಕಿ ಹರಿದು ಹೋಯಿತು, ಅದು ಒಂದೂವರೆ ಲಕ್ಷದ ಮೇಲೆ. ಹೆಂಡತಿಯ ಬಳೆ ಅಡವಿಗೆ ಹೋಯಿತು. ಬಿಡಿಸಿ ತರಲು ಎರಡು ವರ್ಷ ಬೇಕಾಯಿತು.

ಆ ರಾತ್ರಿ ಮುನ್ಸೂಚನೆಯನ್ನು ಮತ್ತೆ ತೆಗೆದು ನೋಡಿದೆ. 1.2 ಮೀಟರ್ ಪಕ್ಕದಲ್ಲೇ ಅಲೆಗಳ ನಡುವಿನ ಹೊತ್ತು 16 ಸೆಕೆಂಡ್ ಎಂದಿತ್ತು. ಬೆಳಿಗ್ಗೆ ಆ ಅಂಕಿಯನ್ನು ಓದಿದ್ದೆ, ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ನಮ್ಮ ಗಾಳಿ ಎಬ್ಬಿಸುವ ಅಲೆ ಐದಾರು ಸೆಕೆಂಡಿಗೊಂದು ಬರುತ್ತದೆ. ಅದು ದೋಣಿಯನ್ನು ಕುಲುಕುತ್ತದೆ, ಅಷ್ಟೆ. 15 ಸೆಕೆಂಡಿನ ಮೇಲಿನದು ದಕ್ಷಿಣ ಧ್ರುವದ ಕಡೆಯ ಬಿರುಗಾಳಿ ಎಬ್ಬಿಸಿದ ಅಲೆ. ಆರು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದಿಂದ ಐದಾರು ದಿನ ನಡೆದು ಬರುತ್ತದೆ. ಆಳದಲ್ಲಿ ಅದು ಕಾಣಿಸುವುದೇ ಇಲ್ಲ, ತಳ ಸಿಕ್ಕಿದ ಮೇಲೆ ಎದ್ದು ನಿಲ್ಲುತ್ತದೆ. ಎದುರಿನಿಂದ ಇಳಿತದ ನೀರು ನುಗ್ಗಿದರೆ ಗೋಡೆಯೇ. ಮಲಯಾಳಿಗಳು ಇದನ್ನು ಕಳ್ಳಕ್ಕಡಲ್ ಎನ್ನುತ್ತಾರೆ. 2024ರ ಮಾರ್ಚ್ 31ರಂದು ಕೇರಳದ ತೀರದಲ್ಲಿ ಬಿರುಗಾಳಿಯಿಲ್ಲದೆ ಕಡಲು ಮನೆಗಳಿಗೆ ನುಗ್ಗಿದ ಮೇಲೆಯೇ ನಮ್ಮ ಬಂದರಿನಲ್ಲಿ ನನ್ನ ಮಾತಿಗೆ ತೂಕ ಬಂದದ್ದು.

ದಾರಿ ಒಮ್ಮೆಗೇ ಸಿಗಲಿಲ್ಲ. ಮೊದಲು ವರ್ಷಕ್ಕೆ ನಾಲ್ಕು ಸಾವಿರ ಕೊಟ್ಟು ಒಂದು ಆ್ಯಪ್ ಹಾಕಿಸಿಕೊಂಡೆ. ಗಂಟೆಗಂಟೆಯ ಗಾಳಿ ತೋರಿಸುತ್ತಿತ್ತು, ನನಗೆ ಬೇಕಾದ ಸೆಕೆಂಡು ಅದರಲ್ಲಿ ಇರಲಿಲ್ಲ. ಕಡಲಿನ ಮುನ್ಸೂಚನೆ ಕೊಡುವ ಹೈದರಾಬಾದಿನ ಸರ್ಕಾರಿ ಸಂಸ್ಥೆ ಇನ್ಕಾಯಿಸ್ ಅದನ್ನು ಪುಕ್ಕಟೆಯಾಗಿ ಕೊಡುತ್ತದೆ. ಆದರೆ ಅದು ತೆರೆದ ಕಡಲಿನ ಲೆಕ್ಕ, ನಮ್ಮ ಅಳಿವೆಯ ಮರಳಿನ ಸುದ್ದಿ ಅದಕ್ಕೆ ಸಿಗುವುದಿಲ್ಲ. ಹಾಗಾಗಿ ಬೆಳಿಗ್ಗೆ ತಡೆಗೋಡೆಯ ಮೇಲೆ ನಿಂತು ನಾನೇ ಎಣಿಸತೊಡಗಿದೆ. ಒಂದು ತಿಂಗಳು ಪೂರ್ತಿ ತಪ್ಪಾಗಿ ಎಣಿಸಿದೆ. ಕಂಡ ಕಂಡ ಅಲೆಯನ್ನೆಲ್ಲ ಸೇರಿಸಿದರೆ ಯಾವಾಗಲೂ ಐದೋ ಆರೋ ಬರುತ್ತದೆ. ಉದ್ದದ ಅಲೆ ಈ ಸಣ್ಣ ಅಲೆಗಳ ಅಡಿಯಲ್ಲಿ ಹೋಗುತ್ತಿರುತ್ತದೆ. ಈಗ ಒಂದು ಕಲ್ಲನ್ನು ಗುರುತು ಮಾಡಿಕೊಂಡಿದ್ದೇನೆ. ದೊಡ್ಡ ಅಲೆ ಬಂದಾಗ ಮಾತ್ರ ಅದು ಒದ್ದೆಯಾಗುತ್ತದೆ. ಹನ್ನೊಂದು ಸಲ ಒದ್ದೆಯಾಗುವವರೆಗೆ ಗಡಿಯಾರ ಹಿಡಿದು, ಬಂದ ಸೆಕೆಂಡುಗಳನ್ನು ಹತ್ತರಿಂದ ಭಾಗಿಸುತ್ತೇನೆ. ಯಾವ ಕಲ್ಲು ಎಂದು ಇಲ್ಲಿ ಬರೆಯುವುದಿಲ್ಲ. ನಿಮ್ಮ ಅಳಿವೆಯಲ್ಲೂ ಅಂಥದ್ದೊಂದು ಇದ್ದೇ ಇರುತ್ತದೆ, ಹುಡುಕಿಕೊಳ್ಳಿ.

ನನ್ನ ಕಟ್ಟು ಇಷ್ಟು: 14 ಸೆಕೆಂಡಿನ ಮೇಲೆ, ಒಂದು ಮೀಟರಿನ ಮೇಲೆ ಇದ್ದರೆ ಇಳಿತದಲ್ಲಿ ಬಾಗಿಲಿಗೆ ಹೋಗುವುದಿಲ್ಲ. ಒಳಗಿದ್ದರೆ ಒಳಗೇ, ಹೊರಗಿದ್ದರೆ ಭರತ ಏರುವವರೆಗೆ ಹೊರಗೇ. ದೊಡ್ಡ ಅಲೆಗಳು ಸಾಲಾಗಿ ಬರುತ್ತವೆ, ಸಾಲು ಮುಗಿದ ಮೇಲೆ ಸ್ವಲ್ಪ ಬಿಡುವು ಇರುತ್ತದೆ. ಎಷ್ಟು ಎಣಿಸಿ ನುಗ್ಗಬೇಕು ಎಂಬುದು ನನ್ನ ದೋಣಿಯವರಿಗಷ್ಟೇ ಗೊತ್ತು.

ಕಳೆದ ಏಪ್ರಿಲ್‌ನಲ್ಲಿ ಇದರ ಪರೀಕ್ಷೆಯಾಯಿತು. 17 ಸೆಕೆಂಡ್, 1.3 ಮೀಟರ್, ಸಣ್ಣ ಗಾಳಿಯೂ ಇಲ್ಲ. ಬಂಗುಡೆ ತುಂಬಿಕೊಂಡು ಹೊರಗೇ ಮೂರು ಗಂಟೆ ಲಂಗರು ಹಾಕಿ ನಿಂತೆ. ಮಂಜುಗಡ್ಡೆ ಕರಗುತ್ತಿತ್ತು, ಹುಡುಗರು ಬೈಯುತ್ತಿದ್ದರು. ಕಣ್ಣೆದುರೇ ಇಳಿತದಲ್ಲಿ ನುಗ್ಗಿದ ಎರಡು ದೋಣಿಗಳಿಗೆ ನೀರು ನುಗ್ಗಿತು, ಒಂದರ ಬಲೆ ಹೋಯಿತು. ಜೀವಕ್ಕೇನೂ ಆಗಲಿಲ್ಲ, ದೇವರು ದೊಡ್ಡವನು. ತಡವಾಗಿ ದಡ ಸೇರಿದ್ದರಿಂದ ನನಗೆ ನಾಲ್ಕು ಸಾವಿರದಷ್ಟು ದರ ಬಿದ್ದುಹೋಯಿತು. ಒಂದೂವರೆ ಲಕ್ಷದ ಬಲೆಯ ಮುಂದೆ ಅದು ಯಾವ ಲೆಕ್ಕ? ಅಂದಿನಿಂದ ಮಾವ ಹೊರಡುವ ಮುನ್ನ ನನಗೆ ಫೋನ್ ಮಾಡುತ್ತಾರೆ.

ನಡುವೆ ವಾಯುಭಾರ ಮಾಪಕದ ಹುಚ್ಚೂ ಹಿಡಿದಿತ್ತು. ಎರಡು ಸಾವಿರ ಚಿಲ್ಲರೆ ಕೊಟ್ಟು ತಂದು ಮನೆಯ ಗೋಡೆಗೆ ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ಮುಳ್ಳು ಎರಡು ಮೂರು ಮಿಲಿಬಾರ್ ಇಳಿಯುವುದನ್ನು ಕಂಡು ತೂಫಾನ್ ಬಂತೆಂದು ಎರಡು ದಿನ ಸಂಜೆಯ ಬಲೆ ನಿಲ್ಲಿಸಿದೆ. ವಾರ ಪೂರ್ತಿ ಬರೆದಿಟ್ಟ ಮೇಲೆ ತಿಳಿಯಿತು: ನಮ್ಮ ಕಡೆ ಅದು ದಿನವೂ ಬೆಳಿಗ್ಗೆ ಹತ್ತರ ಸುಮಾರಿಗೆ ಏರಿ ಸಂಜೆ ನಾಲ್ಕರ ಸುಮಾರಿಗೆ ಇಳಿಯುತ್ತದೆ, ರಾತ್ರಿಯೂ ಹಾಗೆಯೇ ಇನ್ನೊಮ್ಮೆ. ನಿನ್ನೆಯ ಅದೇ ಹೊತ್ತಿಗೆ ಹೋಲಿಸಿದರೆ ಮಾತ್ರ ಉಪಯೋಗ. ಈಗ ಹಾಗೆ ನೋಡುತ್ತೇನೆ, ಆದರೆ ದೂರದ ಅಲೆಯ ವಿಷಯದಲ್ಲಿ ಅದು ಏನನ್ನೂ ಹೇಳುವುದಿಲ್ಲ.

ಮಳೆಗಾಲ ಮುಗಿದ ಮೇಲೆ ಮರಳು ಜಾಗ ಬದಲಿಸುತ್ತದೆ, ಹಳೆಯ ಕಲ್ಲಿನ ಲೆಕ್ಕ ಹಾಗೇ ನಡೆಯುವುದಿಲ್ಲ. ಹೋದ ವರ್ಷ ಎರಡು ಮಾರು ಇದ್ದ ಕಡೆ ಈ ಸಲ ಗಳ ಇಳಿಸಿದರೆ ಒಂದೂವರೆಗೆ ತಳ ಸಿಕ್ಕಿತು. ಬಡಗು ಬದಿಯನ್ನು ಇನ್ನೂ ಅಳೆದಿಲ್ಲ. ಅದು ಮುಗಿಯುವವರೆಗೆ 14 ಸೆಕೆಂಡಿನ ಬದಲು 12ಕ್ಕೇ ನಿಲ್ಲುತ್ತಿದ್ದೇನೆ.