'ಹೆಲ್ಪ್' ಪಕ್ಕ 'ಟು' ಬೇಡ

ಇಂಗ್ಲಿಷ್‌ನಲ್ಲಿ 'ಹೆಲ್ಪ್' ಎಂದ ಕೂಡಲೇ ಯಾರಿಗೆ ಸಹಾಯವೋ ಅವರನ್ನು ಇಡಿ, ನಡುವೆ 'ಟು' ಹಾಕಬೇಡಿ. ಆಮೇಲೆ ಬರುವ ಕ್ರಿಯಾಪದ ಮೂಲ ರೂಪದಲ್ಲೇ ಇರಲಿ: 'ಹೆಲ್ಪ್ ಮಿ ಲಿಫ್ಟ್ ದಿಸ್ ಬಾಕ್ಸ್'. 'ನನಗೆ ಸಹಾಯ ಮಾಡಿ' ಅಂತೀವಲ್ವಾ, ಆ 'ಗೆ'ಯೇ ನಮ್ಮನ್ನು 'ಹೆಲ್ಪ್ ಟು ಮಿ' ಕಡೆಗೆ ಎಳೆಯೋದು. ಆದರೆ ಇಂಗ್ಲಿಷ್‌ನ 'ಹೆಲ್ಪ್' ನಮ್ಮ 'ಕರೆ' ಥರದ್ದು: 'ನನ್ನನ್ನು ಕರೆ' ಅಂದ ಹಾಗೆ ವ್ಯಕ್ತಿ ಅದಕ್ಕೆ ನೇರವಾಗಿ ಅಂಟಿಕೊಳ್ಳುತ್ತಾರೆ. 'ಹೆಲ್ಪ್ ಮಿ ಟು ಲಿಫ್ಟ್' ಕೂಡ ಸರಿಯೇ, ಮಾತಿನಲ್ಲಿ ಚಿಕ್ಕದೇ ಜಾಸ್ತಿ ಕೇಳಿಸುತ್ತದೆ ಅಷ್ಟೆ. 'ಹೆಲ್ಪ್ ಮಿ ಲಿಫ್ಟಿಂಗ್' ಮಾತ್ರ ಬೇಡ. ಕ್ರಿಯಾಪದದ ಬದಲು ವಿಷಯದ ಹೆಸರು ಬಂದರೆ 'ವಿತ್' ಸೇರಿಸಿ: 'ಹೆಲ್ಪ್ ಮಿ ವಿತ್ ದಿಸ್ ಫಾರ್ಮ್'.

ಈ ಉಪಾಯ ಎಲ್ಲ ಕಡೆ ನಡೆಯಲ್ಲ. 'ಹೆಲ್ಪ್' ನಾಮಪದವಾದಾಗ 'ಟು' ಬೇಕು: 'ಶಿ ವಾಸ್ ಎ ಗ್ರೇಟ್ ಹೆಲ್ಪ್ ಟು ಮಿ'. 'ಹಿ ವಾಸ್ ಹೆಲ್ಪ್ಡ್ ಟು ಸ್ಟ್ಯಾಂಡ್' ಎಂಬ ಕರ್ಮಣಿ ವಾಕ್ಯದಲ್ಲೂ ಅದನ್ನು ಬಿಡುವಂತಿಲ್ಲ. 'ಅಸಿಸ್ಟ್'ಗೆ ಈ ನಿಯಮ ಹಚ್ಚಲೇಬೇಡಿ. 'ಅಸಿಸ್ಟ್ ಮಿ ಲಿಫ್ಟ್' ಕಿವಿಗೆ ಕರ್ಕಶ, ಅಲ್ಲಿ 'ಅಸಿಸ್ಟ್ ಮಿ ಇನ್ ಲಿಫ್ಟಿಂಗ್' ಎನ್ನಬೇಕು. (ನನ್ನ ಕೇಳಿದರೆ, ಮಾತಿನಲ್ಲಿ 'ಅಸಿಸ್ಟ್' ಸುಮ್ನೆ ಭಾರ, 'ಹೆಲ್ಪ್' ಸಾಕು.) ಇನ್ನು 'ಐ ಕಾಂಟ್ ಹೆಲ್ಪ್ ಲಾಫಿಂಗ್' ಬೇರೆಯೇ ಕಥೆ. ಅಲ್ಲಿ ಸಹಾಯದ ಮಾತೇ ಇಲ್ಲ, ನಗು ತಡೆಯೋಕೆ ಆಗ್ತಿಲ್ಲ ಅಂತ ಅರ್ಥ. 'ಇಂಗ್' ರೂಪ ಅಲ್ಲೇ ಸರಿ. 'ಹೆಲ್ಪ್ ಯುವರ್‌ಸೆಲ್ಫ್' ಎಂದು ಊಟದ ಮೇಜಿನಲ್ಲಿ ಯಾರಾದರೂ ಅಂದರೆ, ಬೇಕಾದ್ದು ನೀವೇ ಬಡಿಸಿಕೊಳ್ಳಿ ಎಂದರ್ಥ, ಬೇಜಾರು ಮಾಡಿಕೊಳ್ಳಬೇಡಿ.