ಕಷ್ಟದ ಪದಗಳಿಗಲ್ಲ, ಸುಲಭದ ಪದಗಳಿಗೆ ನೋಟ್ಸ್ ಮಾಡಿದ್ದು: ನನ್ನ ಅನುಭವ

ತೀರ್ಥಹಳ್ಳಿ ಹತ್ರ ನಮ್ಮನೆ ಜಗಲಿ ಮೇಲೆ ಸಂಜೆ ಹೊತ್ತು ಡಿಗ್ರಿ ಹುಡುಗ್ರಿಗೆ ಇಂಗ್ಲಿಷು, ಜೊತೆಗೆ ಫಿಲಾಸಫಿ ಹೇಳ್ಕೊಡ್ತೀನಿ. ಬರೋರಲ್ಲಿ ಹೆಚ್ಚಿನೋರು ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ. ನನ್ನ ನೋಟ್ಸು ಜೆರಾಕ್ಸಿನ ಜೆರಾಕ್ಸ್ ಆಗಿ ಸಾಗರ, ಹೊಸನಗರದ ಕಡೆಗೂ ಹೋಗಿದೆಯಂತೆ, ಅಕ್ಷರ ಮಸುಕು, ಎಡಗಡೆ ಪೇಜೇ ಇಲ್ಲ, ಇದನ್ನ ಹೆಂಗಕ್ಕಾ ಓದೋದು ಅಂತ ಕೇಳೋರು ಜಾಸ್ತಿ ಆದ್ರು, ಅದಕ್ಕೆ ಈ ನೋಟ್ಸ್ ಹೆಂಗೆ ಮಾಡಿದೆ, ಎಂತಕ್ಕೆ ಹಂಗೇ ಮಾಡಿದೆ ಅಂತ ಒಂದ್ಸಲ ಬರೆದುಬಿಡ್ತೀನಿ.

ಫಿಲಾಸಫಿ ತಗೊಂಡ ಹುಡುಗ್ರೆಲ್ಲ ಮೊದಲು ಹೆದರೋದು ಉದ್ದುದ್ದ ಪದಗಳಿಗೆ. ಎಪಿಸ್ಟೆಮಾಲಜಿ, ಆಂಟಾಲಜಿ, ಮೆಟಾಫಿಸಿಕ್ಸ್, ಅಗ್ನಾಸ್ಟಿಕ್. ನಿಜ ಹೇಳ್ಬೇಕಂದ್ರೆ ಇವು ತೊಂದ್ರೆನೇ ಕೊಡಲ್ಲ. ನೋಡಿದ ಕೂಡ್ಲೇ ಇದು ನಮಗೆ ಗೊತ್ತಿಲ್ಲದ ಪದ ಅಂತ ಗೊತ್ತಾಗುತ್ತೆ, ಗೊತ್ತಿಲ್ಲ ಅಂದಮೇಲೆ ಡಿಕ್ಷನರಿ ತೆಗೀತಾರೆ. ಗ್ರೀಕಿನಲ್ಲಿ ಎಪಿಸ್ಟೀಮೆ ಅಂದ್ರೆ ಜ್ಞಾನ, ಲೋಗೋಸ್ ಅಂದ್ರೆ ಮಾತು, ವಿಚಾರ ಅಂತ ಒಂದ್ಸಲ ಒಡೆದು ತೋರಿಸಿದ್ರೆ ಜುವಾಲಜಿ, ಸೈಕಾಲಜಿ ಎಲ್ಲಾ ತಾವೇ ಒಡೀತಾರೆ. ಅಗ್ನಾಸ್ಟಿಕ್ ಅನ್ನೋ ಪದ ಇಂಗ್ಲಿಷ್ ವಿಜ್ಞಾನಿ ಥಾಮಸ್ ಹಕ್ಸ್‌ಲಿ 1869ರಲ್ಲಿ ಹುಟ್ಟುಹಾಕಿದ್ದು, ಮುಂದಿನ 'ಅ' ಅಂದ್ರೆ ಇಲ್ಲ, ನಮ್ಮ ಅಜ್ಞಾನದ 'ಅ' ಇದ್ದಂಗೇ ಅಂತ ಹೇಳಿದ್ರೆ ಮುಗೀತು, ಜನ್ಮಕ್ಕೆ ಮರೆಯಲ್ಲ. ಇಂಥವು ನನ್ನ ನೋಟ್ಸಲ್ಲಿ ಒಂದೇ ಒಂದು ಪೇಜ್.

ಕೈಕೊಡೋದು ಬೇರೆ ಪದಗಳು. ಡೌಟ್, ಆರ್ಗ್ಯುಮೆಂಟ್, ವ್ಯಾಲಿಡ್, ಸೌಂಡ್, ಕಂಡೀಷನ್, ಪ್ರಾಕ್ಟಿಕಲ್, ಮ್ಯಾಟರ್, ಡ್ಯೂಟಿ. ಇವನ್ನ ನಮ್ಮೂರಲ್ಲಿ ಇಂಗ್ಲಿಷೇ ಬರದ ಅಜ್ಜಿನೂ ಆಡ್ತಾಳೆ. ಗೊತ್ತಿರೋ ಪದ ಅಲ್ವಾ ಅಂತ ಯಾರೂ ಡಿಕ್ಷನರಿ ತೆಗೆಯಲ್ಲ, ಕನ್ನಡದಲ್ಲಿ ಅದು ಯಾವ ಅರ್ಥದಲ್ಲಿ ಓಡಾಡ್ತಿದೆಯೋ ಅದೇ ಅರ್ಥ ಇಟ್ಕೊಂಡು ಫ್ರೆಂಚ್ ತತ್ವಜ್ಞಾನಿ ಡೆಕಾರ್ಟ್‌ನ ಓದಕ್ಕೆ ಕೂರ್ತಾರೆ, ಪೂರ್ತಿ ಪ್ಯಾರಾ ಓದಿ ಮುಗಿಸಿದ್ರೂ ಎಂತದೂ ಒಳಗೆ ಹೋಗಿರಲ್ಲ, ಆಮೇಲೆ ಫಿಲಾಸಫಿ ನಮಗಲ್ಲ ಬಿಡಿ ಅಂತಾರೆ. ಫಿಲಾಸಫಿಗೂ ಇಂಗ್ಲಿಷ್ ಪದಗಳಿಗೂ ಬೇರೆ ಬೇರೆ ನೋಟ್‌ಬುಕ್ ಇಡೋದು ಬಿಟ್ಟು ಎರಡನ್ನೂ ಒಂದೇ ಬುಕ್ಕಿಗೆ ತಂದಿದ್ದು ಇದೇ ಕಾರಣಕ್ಕೆ.

ಬುಕ್ ಹೆಂಗಿದೆ ಅಂದ್ರೆ, ಲಾಂಗ್ ಬುಕ್ ಬಿಚ್ಚಿದಾಗ ಎಡಗಡೆ ಪೇಜಲ್ಲಿ ಆ ಪದನ ನಾವು ಕನ್ನಡದಲ್ಲಿ ಆಡೋ ವಾಕ್ಯ, ಕೇಳಿದ್ದು ಕೇಳಿದಂಗೆ. ಬಲಗಡೆ ಅದೇ ಪದ ಫಿಲಾಸಫಿಲಿ ಎಂತ ಕೆಲಸ ಮಾಡುತ್ತೆ ಅಂತ, ಕೆಳಗೆ ಆ ಪದ ಇಲ್ಲದೆ ನಿಲ್ಲದ ಒಂದು ವಾದ. ಅಷ್ಟೇ. ಜೆರಾಕ್ಸ್ ಮಾಡ್ಸೋರು ಎಡಗಡೆ ಪೇಜು ಬರೀ ಹರಟೆ ಅಂತ ಬಿಟ್ಟುಬಿಡ್ತಾರೆ, ಅದಿಲ್ಲದೆ ಬಲಗಡೆದು ಬಜಾರಲ್ಲಿ ಸಿಗೋ ಗೈಡ್‌ಗಿಂತ ಏನೂ ಹೆಚ್ಚಲ್ಲ.

ಡೌಟ್ ತಗೊಳ್ಳಿ. "ಅಕ್ಕಾ ಒಂದು ಡೌಟು" ಅಂದ್ರೆ ನಮ್ಮಲ್ಲಿ ಒಂದು ಪ್ರಶ್ನೆ ಇದೆ, ಅರ್ಥ ಆಗಿಲ್ಲ ಅಂತ. ಆ ಅರ್ಥ ಇಟ್ಕೊಂಡು ಡೆಕಾರ್ಟ್‌ನ ಓದಿದ್ರೆ, ಪಾಪ ಅವನಿಗೆ ಏನೋ ಅರ್ಥ ಆಗಿಲ್ಲ, ಕೇಳ್ತಿದ್ದಾನೆ ಅನ್ಸುತ್ತೆ. ಅವನು ಮಾಡಿದ್ದು ಅದಲ್ಲ. 1641ರ ಮೆಡಿಟೇಷನ್ಸ್ ಅನ್ನೋ ಪುಸ್ತಕದಲ್ಲಿ ಅವನು ಬೇಕಂತಲೇ, ಲೆಕ್ಕಾಚಾರ ಹಾಕಿ ಅನುಮಾನ ಪಡ್ತಾನೆ. ಕಣ್ಣು ಒಮ್ಮೊಮ್ಮೆ ಮೋಸ ಮಾಡುತ್ತೆ, ಹಂಗಾದ್ರೆ ಕಣ್ಣನ್ನ ನಂಬಲ್ಲ. ಈಗ ಎಚ್ಚರ ಇದೀನೋ ಕನಸೋ ಗ್ಯಾರಂಟಿ ಇಲ್ಲ, ಅದನ್ನೂ ಬಿಟ್ಟೆ. ಯಾವುದೋ ದುಷ್ಟ ಶಕ್ತಿ ನನ್ನನ್ನ ಯಾಮಾರಿಸ್ತಾ ಇದ್ರೆ ಎರಡು ಮೂರು ಐದು ಅನ್ನೋದೂ ಗ್ಯಾರಂಟಿ ಅಲ್ಲ. ಎಲ್ಲಾ ತೆಗೆದು ಹಾಕಿದ ಮೇಲೂ ಉಳಿಯೋದೇನು ಅಂತ ನೋಡೋದು ಅವನ ಉದ್ದೇಶ, ಉಳಿಯೋದು ಹೀಗೆ ಅನುಮಾನ ಪಡ್ತಿರೋ ನಾನು ಅನ್ನೋದು. ಈ ಪೇಜ್ ಮಾಡುವಾಗ ಬಲಗಡೆ ಬರೆಯಕ್ಕೆ ಜಾಗ ಸಾಲದೆ ಅಂಚಲ್ಲೆಲ್ಲ ಬರೆದೆ, ಯಾಕಂದ್ರೆ ಕನಸಿನ ವಾದಕ್ಕೆ ಬಂದಾಗ ಹುಡುಗ್ರು ಏಳಕ್ಕೇ ಒಪ್ಪಲ್ಲ, ಆರು ಗಂಟೆ ಬಸ್ಸು ಹೋದ್ರೂ ಪರವಾಗಿಲ್ಲ ಅಂತ ಕೂತಿರ್ತಾರೆ.

ಆಮೇಲೆ ವ್ಯಾಲಿಡ್ ಮತ್ತು ಸೌಂಡ್. ವ್ಯಾಲಿಡಿಟಿ ಅಂದ್ರೆ ನಮಗೆ ರೀಚಾರ್ಜ್ ಪ್ಯಾಕ್, ಇಪ್ಪತ್ತೆಂಟು ದಿನ. ಸೌಂಡ್ ಅಂದ್ರೆ ಒಂದು ಶಬ್ದ, ಇನ್ನೊಂದು "ಅವ್ರು ಸೌಂಡ್ ಪಾರ್ಟಿ ಮಾರಾಯ, ನೂರು ಕ್ವಿಂಟಾಲ್ ಅಡಿಕೆ ಬೆಳೀತಾರೆ" ಅನ್ನೋ ಸೌಂಡು. ಕ್ಲಾಸಲ್ಲಿ ಸೌಂಡ್ ಆರ್ಗ್ಯುಮೆಂಟ್ ಅಂದ್ರೆ ಗಟ್ಟಿ ದನಿಲಿ ವಾದ ಮಾಡೋದು ಅಂತ ಬರೆದ ಉತ್ತರ ನಾನು ತಿದ್ದಿದ್ದೀನಿ. ಆದ್ರೆ ನಮ್ಮ ಸೌಂಡ್ ಪಾರ್ಟಿ ಇದಾನಲ್ಲ, ಅವನು ನಿಜವಾಗ್ಲೂ ಫಿಲಾಸಫಿ ಹತ್ರಾನೇ ಇದಾನೆ. ಇಂಗ್ಲಿಷಲ್ಲಿ ಶಬ್ದ ಅನ್ನೋ ಸೌಂಡು ಲ್ಯಾಟಿನ್ನಿಂದ ಬಂದಿದ್ದು, ಗಟ್ಟಿಮುಟ್ಟು ಅನ್ನೋ ಸೌಂಡು ಹಳೇ ಇಂಗ್ಲಿಷಿಂದು, ಎರಡಕ್ಕೂ ಸಂಬಂಧ ಇಲ್ಲ. ದುಡ್ಡಲ್ಲಿ ಗಟ್ಟಿ ಇರೋನು ಸೌಂಡ್ ಪಾರ್ಟಿ, ಎಲ್ಲಾ ಕಡೆಯಿಂದ ಗಟ್ಟಿ ಇರೋ ವಾದ ಸೌಂಡ್ ಆರ್ಗ್ಯುಮೆಂಟ್. ಇದನ್ನ ಹೇಳಿದ್ಮೇಲೆ ಒಬ್ರೂ ತಪ್ಪಿಲ್ಲ.

ವ್ಯತ್ಯಾಸಕ್ಕೆ ನಾನು ಇಟ್ಟ ಉದಾಹರಣೆ ಇದು. ತೀರ್ಥಹಳ್ಳಿಯೋರೆಲ್ಲ ಕವಿಗಳು, ನಮ್ಮ ಬಸ್ ಕಂಡಕ್ಟರ್ ತೀರ್ಥಹಳ್ಳಿಯೋರು, ಆದ್ರಿಂದ ಅವರು ಕವಿ. ಕುಪ್ಪಳಿ, ಕುವೆಂಪು ಅಂತ ಎಷ್ಟು ಹೆಮ್ಮೆ ಇದ್ರೂ ಮೊದಲನೇ ಮಾತು ಸುಳ್ಳು. ಆದ್ರೆ ಅದು ನಿಜ ಅಂತ ಒಪ್ಕೊಂಡ್ರೆ ಕೊನೇ ಮಾತಿಂದ ತಪ್ಪಿಸ್ಕೊಳ್ಳಕ್ಕಾಗಲ್ಲ, ಅದಕ್ಕೇ ವ್ಯಾಲಿಡ್, ಆದ್ರೆ ಮೊದಲನೇ ಮಾತೇ ಸುಳ್ಳಾದ್ರಿಂದ ಸೌಂಡ್ ಅಲ್ಲ. ಉಲ್ಟಾದೂ ಒಂದು ಕೊಡ್ತೀನಿ. ಶರಾವತಿ ಪಶ್ಚಿಮಕ್ಕೆ ಹರಿಯುತ್ತೆ, ಜೋಗ ಇರೋದು ಶರಾವತಿಲಿ, ಆದ್ರಿಂದ ತುಂಗೆ ಪೂರ್ವಕ್ಕೆ ಹರಿಯುತ್ತೆ. ಮೂರೂ ನಿಜ, ಬೇಕಾದ್ರೆ ಕೂಡ್ಲಿಗೆ ಹೋಗಿ ನೋಡ್ಕೊಂಡು ಬನ್ನಿ, ಆದ್ರೆ ವಾದ ವ್ಯಾಲಿಡ್ ಅಲ್ಲ, ಮೊದಲೆರಡಕ್ಕೂ ಮೂರನೇದಕ್ಕೂ ಕೊಂಡಿನೇ ಇಲ್ಲ. ಈ ಎರಡನೇದು ಜನಕ್ಕೆ ಹಿಡಿಯಕ್ಕೆ ಹೊತ್ತು ಬೇಕು, ನಿಜ ಹೇಳಿದ್ರೂ ತಪ್ಪು ಅಂತೀರಲ್ಲ ಅಕ್ಕಾ ಅಂತ ಜಗಳಕ್ಕೇ ಬರ್ತಾರೆ. ಬರ್ಲಿ.

ಪ್ರೆಮಿಸಸ್, ಅಂದ್ರೆ ವಾದ ನಿಂತಿರೋ ಮೊದಲ ಮಾತುಗಳು, ಅನ್ನೋದಕ್ಕೆ ಕಾಲೇಜ್ ಕಾಂಪೌಂಡ್ ಒಳಗೆ ಅಂತ ಅರ್ಥ ಬರೆಯೋರೂ ಇದಾರೆ, ಬೋರ್ಡ್ ನೋಡಿ ನೋಡಿ. ಅದಕ್ಕೆ ಹೆಚ್ಚು ಜಾಗ ಕೊಟ್ಟಿಲ್ಲ.

ಕಂಡೀಷನ್ ಪೇಜು ಮಾತ್ರ ನಂಗೆ ತುಂಬಾ ಇಷ್ಟ. ಎಡಗಡೆ "ಗಾಡಿ ಕಂಡೀಷನ್ ಚೆನ್ನಾಗಿದೆ", "ಅವ್ರಪ್ಪ ಭಾಳ ಕಂಡೀಷನ್ನು". ಬಲಗಡೆ ನೆಸೆಸರಿ ಕಂಡೀಷನ್, ಸಫಿಷಿಯೆಂಟ್ ಕಂಡೀಷನ್. ಮಳೆ ಬಂದ್ರೆ ಅಂಗಳ ಒದ್ದೆ ಆಗುತ್ತೆ, ಅಂಗಳ ಒದ್ದೆ ಇದೆ, ಆದ್ರಿಂದ ಮಳೆ ಬಂದಿದೆ, ಸರಿನಾ ಅಂತ ಕೇಳ್ತೀನಿ. ಜುಲೈ ತಿಂಗಳಲ್ಲಿ ಕೇಳಿದ್ರೆ ಎಲ್ರೂ ಸರಿ ಅಂತಾರೆ, ಆಗುಂಬೆ ಕಡೆಯಿಂದ ಬರೋರಂತೂ ಇದೂ ಒಂದು ಪ್ರಶ್ನೆನಾ ಅನ್ನೋ ಥರ ನೋಡ್ತಾರೆ. ಅದೇ ಜನವರಿಲಿ ಕೇಳಿದ್ರೆ, ಅಮ್ಮ ಸಗಣಿ ಹಾಕಿ ಅಂಗಳ ಬಳಿದಿರಬಹುದು ಅಂತ ಯಾರೋ ಒಬ್ರು ಹೇಳೇ ಹೇಳ್ತಾರೆ. ಅಂಗಳ ಒದ್ದೆ ಆಗಕ್ಕೆ ಮಳೆ ಸಾಕು, ಆದ್ರೆ ಮಳೆನೇ ಬೇಕು ಅಂತಿಲ್ಲ. ಸಾಕು, ಬೇಕು. ಈ ಎರಡು ಪದ ಸಿಕ್ಕಮೇಲೆ ಸಫಿಷಿಯೆಂಟು ನೆಸೆಸರಿ ಸ್ಪೆಲ್ಲಿಂಗ್ ಬಿಟ್ರೆ ಬೇರೇನೂ ಕಷ್ಟ ಉಳಿಯಲ್ಲ.

ಇಲ್ಲಿಂದ ನಾನು ಸೀದಾ ನ್ಯಾಯದರ್ಶನಕ್ಕೆ, ಅಂದ್ರೆ ತರ್ಕಕ್ಕೆ ಹೆಸರಾದ ನಮ್ಮ ಹಳೇ ದರ್ಶನಕ್ಕೆ ಹೋಗ್ತೀನಿ. ಸಿಲಬಸಲ್ಲಿ ಭಾರತೀಯ ಮತ್ತು ಪಾಶ್ಚಾತ್ಯ ಬೇರೆ ಬೇರೆ ಯೂನಿಟ್, ನನಗೆ ಅದು ಇಷ್ಟ ಇಲ್ಲ, ಒಂದೇ ಪ್ರಶ್ನೆನ ಎರಡು ಸಲ ಓದ್ಸೋದು ಎಂತಕ್ಕೆ. ನ್ಯಾಯದೋರ ಅನುಮಾನ ಅಂದ್ರೆ ಡೌಟಲ್ಲ, ಕಂಡಿದ್ದರಿಂದ ಕಾಣದ್ದನ್ನ ತರ್ಕಿಸಿ ತಿಳಿಯೋದು, ಅದ್ರಲ್ಲಿ ಐದು ಮೆಟ್ಟಿಲು. ಗುಡ್ಡದಲ್ಲಿ ಬೆಂಕಿ ಇದೆ ಅನ್ನೋದು ಪ್ರತಿಜ್ಞೆ, ಹೊಗೆ ಕಾಣ್ತಿದೆ ಅನ್ನೋದು ಹೇತು, ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ, ಅಡುಗೆಮನೆಲಿ ಇರೋ ಹಂಗೆ ಅನ್ನೋದು ಉದಾಹರಣೆ, ಈ ಗುಡ್ಡದಲ್ಲೂ ಅಂಥದೇ ಹೊಗೆ ಅನ್ನೋದು ಉಪನಯ, ಆದ್ರಿಂದ ಬೆಂಕಿ ಇದೆ ಅನ್ನೋದು ನಿಗಮನ. ಅರಿಸ್ಟಾಟಲ್‌ದು ಮೂರೇ ಸಾಲು, ಅಡುಗೆಮನೆಗೆ ಬಂದು ನೋಡು ಅನ್ನೋ ಮಾತು ಅಲ್ಲಿಲ್ಲ. ಹೊಗೆ ಇದ್ರೆ ಬೆಂಕಿ ಇದೆ ಅನ್ನಕ್ಕೆ ಸಾಕು, ಆದ್ರೆ ಬೆಂಕಿ ಇದ್ದಲ್ಲೆಲ್ಲ ಹೊಗೆ ಇರ್ಬೇಕಂತಿಲ್ಲ, ಅದಕ್ಕೆ ಅವರು ಕೊಡೋದು ಕೆಂಪಗೆ ಕಾದ ಕಬ್ಬಿಣದ ಗುಂಡು. ಅಂದ್ರೆ ಕಂಡೀಷನ್ ಪೇಜೇ ಇಲ್ಲಿ ಮತ್ತೆ ಬಂತು.

ಡಿಸೆಂಬರಲ್ಲಿ ಈ ಪಾಠ ಇಟ್ಕೊಂಡ್ರೆ ಒಳ್ಳೇದು. ನಮ್ಮನೆ ಜಗಲಿಯಿಂದ ಕಾಣೋ ಗುಡ್ಡದ ಬುಡದಲ್ಲಿ ಆಗ ಅಡಿಕೆ ಬೇಯ್ಸೋ ಒಲೆಗಳು ಉರೀತಿರ್ತವೆ, ಅದೇ ಹೊತ್ತಿಗೆ ಮಂಜೂ ಇಳಿಯುತ್ತೆ. ಬಿಳಿ ಬಿಳಿ ಏಳ್ತಿರೋದು ಯಾವುದು ಅಂತ ಇಲ್ಲೇ ಹುಟ್ಟಿ ಬೆಳೆದೋರಿಗೂ ಗೊತ್ತಾಗಲ್ಲ. ಹೊಸನಗರದ ಕಡೆ ಹುಡುಗಿ ಒಬ್ಳು ಕೈ ತೋರಿಸಿ "ಅಕ್ಕಾ, ಅದು ಹೊಗೆನೋ ಮಂಜೋ ಅನ್ನೋದೇ ಗೊತ್ತಿಲ್ಲ, ಇನ್ನು ಬೆಂಕಿ ಎಲ್ಲಿಂದ ಬಂತು" ಅಂದ್ಲು. ಬೌದ್ಧ ತಾರ್ಕಿಕರು ಇದನ್ನೇ ಹಿಡ್ಕೊಂಡಿದ್ದಾರೆ. ಕಾಣ್ತಿರೋದು ಆವಿಯೋ ಹೊಗೆಯೋ ಅಂತ ಸಂದೇಹ ಇದ್ರೆ ಆ ಹೇತು ನಿಲ್ಲಲ್ಲ, ಅದು ಸಂದಿಗ್ಧಾಸಿದ್ಧ ಅನ್ನೋ ಹೇತ್ವಾಭಾಸ, ಅಂದ್ರೆ ಹೇತುವಿನ ದೋಷ. ಪುಸ್ತಕದಲ್ಲಿ ಬಾಯಿಪಾಠ ಮಾಡೋ ಈ ದೋಷನ ಅವಳು ಜಗಲಿಲಿ ಕೂತು ತಾನೇ ಹುಡುಕಿದ್ಲು. ಅವಳ ಮಾತನ್ನ ಹಂಗೇ ಎಡಗಡೆ ಪೇಜಿಗೆ ಇಳಿಸಿದ್ದೀನಿ.

ಉಪಮಾನಕ್ಕೂ, ಅಂದ್ರೆ ಹೋಲಿಕೆಯಿಂದ ತಿಳ್ಕೊಳ್ಳೋದಕ್ಕೂ, ನಮ್ಮಲ್ಲಿ ಕಷ್ಟ ಇಲ್ಲ. ಕಾಡಲ್ಲಿರೋ ಗವಯ ದನದ ಹಂಗಿರುತ್ತೆ ಅಂತ ಕೇಳಿದ್ದೋನು ಆಮೇಲೆ ಕಾಡಲ್ಲಿ ಅಂಥ ಪ್ರಾಣಿ ನೋಡಿ ಓ ಇದೇ ಗವಯ ಅಂತ ತಿಳ್ಕೊಳ್ಳೋದು. ಕಾಟಿ ಅಂತ ಹೇಳಿದ್ರೆ ಸಾಕು, ಯಾರ ತೋಟಕ್ಕೆ ನುಗ್ಗಿತ್ತು ಅನ್ನೋ ಕತೆ ಶುರು. ಹೀಗೆ ತಿಳ್ಕೊಳ್ಳೋ ದಾರಿಗಳಿಗೆ ಪ್ರಮಾಣ ಅಂತಾರೆ, ಚಾರ್ವಾಕರು ಪ್ರತ್ಯಕ್ಷ ಒಂದೇ ಒಪ್ಪೋದು, ಬೌದ್ಧರು ಮತ್ತು ವೈಶೇಷಿಕರು ಎರಡು, ಸಾಂಖ್ಯರು ಮೂರು, ನ್ಯಾಯದೋರು ನಾಲ್ಕು, ಭಾಟ್ಟ ಮೀಮಾಂಸಕರು ಮತ್ತು ಅದ್ವೈತಿಗಳು ಆರು ಅನ್ನೋ ಲೆಕ್ಕ ಮಾತ್ರ ಬಾಯಿಪಾಠನೇ ಮಾಡ್ಬೇಕು, ಬೇರೆ ದಾರಿ ಇಲ್ಲ.

ಪ್ರಾಕ್ಟಿಕಲ್ ಅನ್ನೋ ಪದದ ಕತೆ ತಮಾಷೆದು. "ಸ್ವಲ್ಪ ಪ್ರಾಕ್ಟಿಕಲ್ ಆಗಿ ಯೋಚ್ನೆ ಮಾಡು" ಅಂತ ನಮ್ಮಲ್ಲಿ ಯಾರಾದ್ರೂ ಹೇಳಿದ್ರೆ ಸಾಮಾನ್ಯವಾಗಿ ನ್ಯಾಯ ನೀತಿ ಬದಿಗಿಡು ಅಂತ ಅರ್ಥ. ಜರ್ಮನ್ ತತ್ವಜ್ಞಾನಿ ಕಾಂಟ್ 1788ರಲ್ಲಿ ಪ್ರಾಕ್ಟಿಕಲ್ ರೀಸನ್ ಅಂತ ಬರೆದಿದ್ದು, ನಾನು ಏನು ಮಾಡ್ಬೇಕು ಅಂತ ತೀರ್ಮಾನಿಸೋ ಬುದ್ಧಿ ಬಗ್ಗೆ, ಅದ್ರಲ್ಲಿ ಲಾಭ ನಷ್ಟಕ್ಕಿಂತ ನೀತಿನೇ ಮೇಲೆ. ನಮ್ಮ ಪ್ರಾಕ್ಟಿಕಲ್ಲಿಗೂ ಅವನದ್ದಕ್ಕೂ ಹೆಚ್ಚುಕಡಿಮೆ ಎದುರು ದಿಕ್ಕು. ಸೆಂಟಿಮೆಂಟ್ ಕೂಡ ಹಂಗೇ, ನಮಗದು ಅದೇ ಪೆನ್ನಲ್ಲಿ ಪರೀಕ್ಷೆ ಬರೀಬೇಕು ಅನ್ನೋ ಸೆಂಟಿಮೆಂಟು, ಸ್ಕಾಟ್ಲೆಂಡಿನ ತತ್ವಜ್ಞಾನಿ ಹ್ಯೂಮ್‌ಗೆ ನೀತಿಯೇ ನಿಂತಿರೋ ನೆಲ. ಮ್ಯಾಟರ್ ಬಗ್ಗೆ ಹೇಳೋದು ಬೇಡ, "ಎಂತ ಮ್ಯಾಟ್ರು" ಅಂತ ಕೇಳೋರಿಗೆ ಮೆಟೀರಿಯಲಿಸಂ, ಅಂದ್ರೆ ಇರೋದೆಲ್ಲ ಜಡವಸ್ತುನೇ ಅನ್ನೋ ವಾದ, ಹೇಳೋದು ಒಂದು ಸಂಜೆ ಪೂರ್ತಿ ಕೆಲಸ.

ಕೈಯಲ್ಲಿ ನೋಟ್ಸ್ ಮಾಡ್ಕೊಳ್ಳೋರಿಗೆ ಒಂದು ಮಾತು, ಮಳೆಗಾಲದಲ್ಲಿ ಜೆಲ್ ಪೆನ್ ಮುಟ್ಟಬೇಡಿ. ಕಾಗದ ಥಂಡಿ ಹಿಡಿದು ಇಂಕು ಹಬ್ಬುತ್ತೆ, ಆಗಸ್ಟ್ ಹೊತ್ತಿಗೆ ಡೆಕಾರ್ಟೂ ಲಾಕೂ ಒಂದೇ ಕಲೆ ಆಗಿರ್ತಾರೆ. ಬಾಲ್ ಪೆನ್ ಇಲ್ಲ ಪೆನ್ಸಿಲ್. ಬುಕ್ಕನ್ನ ಒಲೆ ಮೇಲಿನ ಅಟ್ಟದಲ್ಲಿಟ್ರೆ ಬೂಸ್ಟು ಬರಲ್ಲ, ಹೊಗೆ ವಾಸನೆ ಬರುತ್ತೆ, ನಡೆಯುತ್ತೆ.

ಪರೀಕ್ಷೆಲಿ ಇದು ಎಷ್ಟು ಉಪಯೋಗಕ್ಕೆ ಬಂತು ಅಂತ ಕೇಳ್ತೀರಿ. ಫಿಲಾಸಫಿ ಪದ ಎರಡು ಗ್ರೀಕ್ ಪದಗಳಿಂದ ಬಂದಿದೆ ಅನ್ನೋ ಸಾಲಿಂದ ಯಾವ ಪ್ರಶ್ನೆಗೂ ಉತ್ತರ ಶುರು ಮಾಡೋ ಚಟ ನಮ್ಮ ಹುಡುಗ್ರಿಗೆ ಬಿಟ್ಟಿದೆ, ಹ್ಯೂಮ್ ಬಗ್ಗೆ ಕೇಳಿದ್ರೆ ಹ್ಯೂಮ್‌ನಿಂದಲೇ ಶುರು ಮಾಡ್ತಾರೆ. ಇಂಗ್ಲಿಷ್ ಇನ್ನೂ ಮುಗ್ಗರಿಸುತ್ತೆ, ಟೆನ್ಸ್ ತಪ್ಪುತ್ತೆ, ಆದ್ರೆ ವಾಕ್ಯದ ಒಳಗೆ ಒಂದು ವಾದ ಇರುತ್ತೆ, ಬರೀ ಪದಗಳಲ್ಲ. ಬಾಯಿಪಾಠ ಮಾಡಿ ಬರೆದೋರಿಗೆ ಒಮ್ಮೊಮ್ಮೆ ಇವರಿಗಿಂತ ಜಾಸ್ತಿ ಮಾರ್ಕ್ಸ್ ಬರೋದೂ ಉಂಟು, ಅದನ್ನ ಮುಚ್ಚಿಡಲ್ಲ.

ಈಗ ಡ್ಯೂಟಿ ಪೇಜ್ ನಡೀತಿದೆ. ಬಲಗಡೆ ಆಗಿದೆ, ಕಾಂಟ್‌ನ 1785ರ ಪುಸ್ತಕದ ಅಂಗಡಿಯವನ ಉದಾಹರಣೆ ಹಾಕಿದ್ದೀನಿ, ಗಿರಾಕಿ ತಪ್ಪಿಹೋಗ್ತಾನೆ ಅಂತ ಸರಿಯಾದ ರೇಟ್ ಹೇಳೋನು ಮಾಡಿದ್ದು ಸರಿ ಕೆಲಸನೇ, ಆದ್ರೆ ಡ್ಯೂಟಿ ಅಂತ ಮಾಡಿದ್ದಲ್ಲ ಅನ್ನೋದು. ಎಡಗಡೆ ಇನ್ನೂ ಖಾಲಿ ಇದೆ, "ಡ್ಯೂಟಿಗೆ ಹೋಗಿದಾರೆ", "ನೈಟ್ ಡ್ಯೂಟಿ", "ಡಬಲ್ ಡ್ಯೂಟಿ ಬಿತ್ತು" ಇಷ್ಟು ಸಿಕ್ಕಿದೆ. ನಿಮ್ಮ ಕಡೆ ಇನ್ನೇನಾದ್ರೂ ಹೇಳೋದಿದ್ರೆ ಕಳಿಸಿ, ಸೇರಿಸ್ಕೊಳ್ತೀನಿ. ಜೆರಾಕ್ಸ್ ಬೇಕಾದೋರು ಬನ್ನಿ, ಎಡಗಡೆ ಪೇಜೂ ಸೇರಿಸಿ ಮಾಡಿಸ್ಕೊಳ್ಳಿ ಮಾರಾಯ್ರೆ.