ಅಂತರಗಂಗೆ ತೆಗೆಸಲು ದುಡ್ಡು ಹೊಂದಿಸಿದ್ದು

ಕೆರೆ ತುಂಬ ಹಬ್ಬಿದ ಅಂತರಗಂಗೆ (ನೀರ ಮೇಲೆ ತೇಲುವ ಕಳೆ, ವಾಟರ್ ಹಯಸಿಂತ್) ತೆಗೆಸಲು ದುಡ್ಡು ಕೇಳಲು ಹೊರಡುವ ಮುಂಚೆ ಕೆರೆ ಯಾರ ಸುಪರ್ದಿಯಲ್ಲಿದೆ ಅಂತ ತಿಳಿದುಕೊಳ್ಳಬೇಕು. ಅಚ್ಚುಕಟ್ಟು, ಅಂದರೆ ಕೆರೆ ನೀರುಣ್ಣುವ ಜಮೀನು, 40 ಹೆಕ್ಟೇರ್ ದಾಟಿದ್ದರೆ ಸಣ್ಣ ನೀರಾವರಿ ಇಲಾಖೆ, ಅದಕ್ಕಿಂತ ಕಡಿಮೆಯಿದ್ದರೆ ಪಂಚಾಯಿತಿ. ಚನ್ನರಾಯಪಟ್ಟಣ ಕಡೆಯ ನಮ್ಮ ಕೆರೆ ಚಿಕ್ಕದು. ಹಾಗಾಗಿ ಕೆರೆ ಸಮಿತಿಯವರು ಅರ್ಜಿ ಹಿಡಿದು ಗ್ರಾಮ ಪಂಚಾಯಿತಿಗೇ ಹೋದೆವು.

ಉದ್ಯೋಗ ಖಾತ್ರಿಯಲ್ಲಿ ಆಗಿಬಿಡುತ್ತದೆ ಅಂತ ಊರಲ್ಲಿ ಎಲ್ಲರ ಮಾತು. ಪಿಡಿಒ ನಿಯಮ ತೆಗೆದು ಓದಿದರು: ಹುಲ್ಲು ಕೀಳುವಂಥ, ಅಳತೆಗೆ ಸಿಗದ, ಪದೇಪದೇ ಮಾಡಬೇಕಾದ ಕೆಲಸ ಅದರಲ್ಲಿ ಹಿಡಿಸುವುದಿಲ್ಲ. ಅಂತರಗಂಗೆ ಕೀಳುವುದು ಈ ಮೂರಕ್ಕೂ ಬೀಳುತ್ತದೆ! ಹೂಳೆತ್ತಲು ಮಾತ್ರ ಅಡ್ಡಿಯಿರಲಿಲ್ಲ. ಅದಕ್ಕೆ ಘನ ಮೀಟರಿನ ಲೆಕ್ಕವಿತ್ತು, ಎಂಜಿನಿಯರ್ ಬರೆದುಕೊಳ್ಳಬಹುದಿತ್ತು. ಹಾಗಾಗಿ ಕೆಲಸವನ್ನೇ ಎರಡು ಮಾಡಿದೆವು. ಹೂಳು ಖಾತ್ರಿಗೆ, ಕಳೆ ಕೇಂದ್ರದಿಂದ ಪಂಚಾಯಿತಿಗೆ ಬರುತ್ತಿದ್ದ 15ನೇ ಹಣಕಾಸು ಆಯೋಗದ ಅನುದಾನಕ್ಕೆ. ಆ ಅನುದಾನದಲ್ಲಿ ಶೇ. 60 ನೈರ್ಮಲ್ಯ ಮತ್ತು ಕುಡಿಯುವ ನೀರಿನ ಬಾಬತ್ತಿಗೇ ಮೀಸಲಿತ್ತು. ಉಳಿದ ಶೇ. 40ರ ಮೇಲೆ ರಸ್ತೆ, ಬೀದಿದೀಪ ಅಂತ ಎಲ್ಲರ ಕಣ್ಣು. ಗ್ರಾಮಸಭೆಯಲ್ಲಿ ನಮ್ಮ ಪರವಾಗಿ ಗಟ್ಟಿಯಾಗಿ ಮಾತಾಡಿದವರು ಹೆಂಗಸರು. ಸೊಳ್ಳೆ ಕಾಟ, ಬಟ್ಟೆ ಒಗೆಯುವ ಕಲ್ಲಿನವರೆಗೂ ಹಬ್ಬಿದ ಬೇರು, ಎಲ್ಲ ಹೇಳಿದರು. ಕ್ರಿಯಾಯೋಜನೆಗೆ ಕೆರೆ ಸೇರಿದ್ದು ಅವರಿಂದ.

ಅಷ್ಟು ಸಾಲಲಿಲ್ಲ. ಕಂಪನಿಯೊಂದರ ಸಿಎಸ್‌ಆರ್ (ಸಮಾಜದ ಕೆಲಸಕ್ಕೆ ತೆಗೆದಿಡುವ) ಹಣಕ್ಕೆ ಹೋದರೆ ಆದಾಯ ತೆರಿಗೆಯ 12ಎ, 80ಜಿ ಮತ್ತು ಆ ಹಣ ಪಡೆಯಲು ಬೇಕಾದ ಸಿಎಸ್‌ಆರ್-1 ನೋಂದಣಿ ಕೇಳಿದರು. ನಮ್ಮ ಹತ್ತಿರ ಇದ್ದದ್ದು ಒಂದು ಬ್ಯಾಂಕ್ ಪಾಸ್‌ಬುಕ್ಕು. ಈ ಕಾಗದವೆಲ್ಲ ಇರುವ ಹಾಸನದ ಸಂಸ್ಥೆಯೊಂದರ ಮೂಲಕ ಅರ್ಜಿ ಹಾಕಿಸಿದೆವು. ಹಿಟಾಚಿಯ ಬಾಡಿಗೆ ಕೊಡಲು ಕಂಪನಿಯವರು ತಕ್ಷಣ ಒಪ್ಪಿದರು. ಬ್ಯಾನರ್ ಕಟ್ಟಿ ಯಂತ್ರದ ಮುಂದೆ ಫೋಟೊ ತೆಗೆಸಿಕೊಳ್ಳುವಂಥ ಕೆಲಸಕ್ಕೆ ಯಾರಾದರೂ ಸಿಗುತ್ತಾರೆ. ಮುಂದಿನ ವರ್ಷ ಮತ್ತೆ ಕೀಳುವುದಕ್ಕೆ ದುಡ್ಡು ಕೊಡುವವರು ಸಿಗುವುದು ಕಷ್ಟ. ಈ ಗಿಡದ ಬೀಜ ಕೆಸರಿನಲ್ಲಿ ಹದಿನೈದಿಪ್ಪತ್ತು ವರ್ಷ ಜೀವ ಹಿಡಿದಿರುತ್ತದೆ. ಚರಂಡಿ ನೀರು ಬೆರೆತ ಕೆರೆಯಲ್ಲಿ, ಬಿಸಿಲೂ ಇದ್ದರೆ, ಎರಡೇ ವಾರದಲ್ಲಿ ಇಮ್ಮಡಿಯಾಗಬಲ್ಲದು. ಯಂತ್ರದ ಬಾಡಿಗೆ ಕಡಿಮೆ ಕೊಟ್ಟರೂ ಸರಿ, ಹರಿಗೋಲು, ಬಲೆ, ಕೊಕ್ಕೆ ದೋಟಿ ಮತ್ತು ಮುಂದಿನ ಎರಡು ಮಳೆಗಾಲದ ಕೂಲಿ ಅಂದಾಜುಪಟ್ಟಿಯಲ್ಲಿ ಇರಲೇಬೇಕು ಅಂತ ಪಟ್ಟು ಹಿಡಿದೆವು. ಒಪ್ಪಿಸಲು ಸಾಕುಬೇಕಾಯಿತು.

ಹುಳ ಬಿಡಿ ಅಂದವರೂ ಇದ್ದರು. ಅಂತರಗಂಗೆ ತಿನ್ನುವ ದುಂಬಿಗಳನ್ನು 1980ರ ದಶಕದಲ್ಲೇ ಹೊರದೇಶದಿಂದ ತಂದು ಬೆಂಗಳೂರಿನ ಕೆರೆಗಳಿಗೆ ಬಿಟ್ಟಿದ್ದರು. ಫಲ ಕಾಣಲು ವರ್ಷಗಳು ಬೇಕು. ಬೇಸಿಗೆಯಲ್ಲಿ ಒಣಗುವ ನಮ್ಮ ಕೆರೆಯಲ್ಲಿ ಗಿಡದ ಜೊತೆ ಹುಳವೂ ಹೋಗುತ್ತದೆ. ಆ ದಾರಿ ಬಿಟ್ಟೆವು.

ಖರ್ಚು ಉಳಿದದ್ದು ಸಾಗಣೆಯಲ್ಲಿ. ಈ ಗಿಡದಲ್ಲಿ ಶೇ. 90ಕ್ಕೂ ಹೆಚ್ಚು ನೀರು. ಕಿತ್ತ ದಿನವೇ ಟ್ರ್ಯಾಕ್ಟರಿಗೆ ತುಂಬಿದರೆ ನೀರು ಹೊರಲು ಬಾಡಿಗೆ ಕೊಟ್ಟ ಹಾಗೆ. ಹೂ ಬಿಡುವ ಮೊದಲೇ ಕಿತ್ತು, ನೀರಿನಿಂದ ದೂರ ರಾಶಿ ಹಾಕಿ ಒಣಗಿಸಿದೆವು. ಒಣಗಿದ್ದನ್ನು ರೈತರು ತಮ್ಮದೇ ಖರ್ಚಲ್ಲಿ ತೆಂಗಿನ ಬುಡಕ್ಕೆ ಒಯ್ದರು.

ಮೀನು ಹರಾಜಿನ ಷರತ್ತಿನಲ್ಲಿ ಈಗ ಒಂದು ಸಾಲು ಸೇರಿಸಿದ್ದೇವೆ: ನೀರು ಬರುವ ಬಾಯಿಗೆ ಕಟ್ಟಿದ ಬಲೆಯಲ್ಲಿ ಸಿಕ್ಕ ಗಿಡವನ್ನು ಗುತ್ತಿಗೆದಾರರೇ ವಾರವಾರ ತೆಗೆಸಬೇಕು. ಮೇಲಿನ ಬಡಾವಣೆಯ ಚರಂಡಿ ನೀರು ಇನ್ನೂ ಕೆರೆಗೇ ಬರುತ್ತಿದೆ. ಅದರ ಬಾಬತ್ತು ಬೇರೆ, ಅರ್ಜಿ ಕೊಡಬೇಕಾದ ಕಚೇರಿಯೂ ಬೇರೆ. ಅಲ್ಲಿಗೆ ಓಡಾಟ ನಡೆದಿದೆ.